ಸ್ಟೆಂಟ್ ಹಾಕಿದರೆ ಮುಗಿಯಿತೇ?

ಮೇದೋಜೀರಕ ಗ್ರಂಥಿಯಲ್ಲೋ ಪಿತ್ತನಾಳದಲ್ಲೋ ಕ್ಯಾನ್ಸರ್ ಬೆಳೆದು ಪಿತ್ತದ ದಾರಿ ಮುಚ್ಚಿದರೆ ಕಾಮಾಲೆ ಏರುತ್ತದೆ; ಮೈಯೆಲ್ಲ ನವೆ, ಊಟ ಸೇರದು. ಎಂಡೋಸ್ಕೋಪಿ ಮೂಲಕ ಸ್ಟೆಂಟ್ ಕೂರಿಸಿದರೆ ಹೊಟ್ಟೆ ಕೊಯ್ಯದೆಯೇ ಪಿತ್ತ ಹರಿದು ರೋಗಿಗೆ ನೆಮ್ಮದಿ ಸಿಗುತ್ತದೆ. ಈ ಚಿಕಿತ್ಸೆಯ ಹಿರಿಮೆಯನ್ನು ಒಪ್ಪಲೇಬೇಕು. ಲೋಪವಿರುವುದು ಅದರ ಮುಂದಿನ ಹಂತದಲ್ಲಿ. ಸ್ಟೆಂಟ್ ಒಂದಲ್ಲ ಒಂದು ದಿನ ಕಟ್ಟಿಕೊಳ್ಳಬಹುದೆಂದು ವೈದ್ಯರಿಗೆ ಗೊತ್ತು. ಎಷ್ಟೋ ಸಲ ಮನೆಯವರಿಗೆ ಗೊತ್ತಿರುವುದಿಲ್ಲ.

ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಕ್ ಸ್ಟೆಂಟಿನ ವ್ಯಾಸ ಸುಮಾರು 3.3 ಮಿಲಿಮೀಟರ್. ಕರುಳಿನ ಬ್ಯಾಕ್ಟೀರಿಯಾಗಳು ಅದರ ಒಳಗೋಡೆಗೆ ಅಂಟಿ ಲೋಳೆಪದರ ಕಟ್ಟುತ್ತವೆ. ಅವುಗಳ ಕಿಣ್ವಗಳಿಂದ ಒಡೆದ ಬಿಲಿರುಬಿನ್ ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗಿ ಕೂರುತ್ತದೆ. ಮೂರು–ನಾಲ್ಕು ತಿಂಗಳಲ್ಲಿ ಕೊಳವೆ ತುಂಬಿಬಿಡುತ್ತದೆ. ಲೋಹದ ಸ್ಟೆಂಟ್ ಒಳಗೆ 8–10 ಮಿಲಿಮೀಟರ್‌ಗೆ ಅರಳುವುದರಿಂದ ಗಸಿ ಅಷ್ಟು ಬೇಗ ಕಟ್ಟದು. ಅಲ್ಲಿ ಗೆಡ್ಡೆಯೇ ಜಾಲರಿಯ ಕಣ್ಣುಗಳಿಂದ ಒಳನುಗ್ಗುತ್ತದೆ. ಹೊದಿಕೆಯುಳ್ಳ ಸ್ಟೆಂಟ್ ಇದನ್ನು ತಡೆಯುತ್ತದಾದರೂ ಜಾರುವ ಸಂಭವ ಹೆಚ್ಚು.

1992ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಆಮ್‌ಸ್ಟರ್‌ಡ್ಯಾಮ್‌ನ ಅಧ್ಯಯನದಲ್ಲಿ 105 ರೋಗಿಗಳಿದ್ದರು. ಲೋಹದ ಸ್ಟೆಂಟ್ ತೆರೆದಿದ್ದ ಮಧ್ಯಮ ಅವಧಿ 273 ದಿನ, ಪ್ಲಾಸ್ಟಿಕ್‌ನದು 126 ದಿನ. ಬದುಕಿದ ಅವಧಿಯಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಲೋಹ ಆಯುಷ್ಯ ಬೆಳೆಸದು, ಉಳಿದ ದಿನಗಳ ಆಸ್ಪತ್ರೆ ಅಲೆದಾಟ ತಗ್ಗಿಸುತ್ತದೆ. ಸಾವಿನ ಹತ್ತಿರ ಇರುವವರಿಗೆ ಇದು ಸಣ್ಣ ಲಾಭವಲ್ಲ.

ಪ್ಲಾಸ್ಟಿಕ್ ಅಗ್ಗವೆಂಬ ವಾದ ಮೊದಲ ಬಿಲ್ಲಿನ ಮಟ್ಟಿಗೆ ನಿಜ. ಅದು ಕಟ್ಟಿಕೊಂಡಾಗ ಮತ್ತೆ ಎಂಡೋಸ್ಕೋಪಿ, ಮತ್ತೆ ಹಾಸಿಗೆ, ಆಂಟಿಬಯಾಟಿಕ್ಕು, ಬಾಡಿಗೆ ಕಾರು, ಮಗನ ಕೂಲಿ ನಷ್ಟ. ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಪಿತ್ತನಾಳದ ಕೆಳಭಾಗದ ತಡೆ ಕ್ಯಾನ್ಸರಿನದೇ ಎಂದು ಖಚಿತವಾಗಿ, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದೆ, ರೋಗಿ ಕೆಲವು ತಿಂಗಳಾದರೂ ಬದುಕುವ ನಿರೀಕ್ಷೆಯಿದ್ದರೆ ಲೋಹದ ಸ್ಟೆಂಟೇ ಸರಿಯಾದ ಆಯ್ಕೆ. ಸರ್ಕಾರಿ ಆರೋಗ್ಯ ಯೋಜನೆಗಳು ದರ ನಿಗದಿ ಮಾಡುವಾಗ ಇದನ್ನು ಗಮನಿಸಬೇಕು. ಪ್ಲಾಸ್ಟಿಕ್ಕೇ ಹಾಕಬೇಕಾಗಿ ಬಂದರೆ ಬದಲಿಸುವ ತಾರೀಖನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಬೇಕು.

ಮನೆಯವರಿಗೂ ಒಂದು ಮಾತು. ಸ್ಟೆಂಟ್ ಇರುವವರಿಗೆ ನಡುಕದ ಜ್ವರ ಬಂದರೆ, ಕಣ್ಣು ಮತ್ತೆ ಹಳದಿಯಾದರೆ, ಮೂತ್ರ ಗಾಢವಾದರೆ ಜ್ವರದ ಮಾತ್ರೆ ನುಂಗಿಸಿ ಬೆಳಗಾಗಲೆಂದು ಕಾಯಬೇಡಿ. ನಾಳದ ಸೋಂಕು ಬೇಗನೆ ರಕ್ತಕ್ಕೇರಿ ಜೀವ ತೆಗೆಯಬಲ್ಲದು. ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.