ತಿಳಿಯ ಕೆಳಗಿನ ಗಷ್ಟು

ದೆಹಲಿಯ ಮಂಡಿ ಹೌಸ್ ಸುತ್ತಲಿನ ಪುಸ್ತಕ ಬಿಡುಗಡೆಗಳಲ್ಲಿ ಸಮೋಸ ಎಷ್ಟು ಖಾತ್ರಿಯೋ ‘ಲೂಸಿಡ್’ ಎಂಬ ಹೊಗಳಿಕೆಯೂ ಅಷ್ಟೇ ಖಾತ್ರಿ. ಕನ್ನಡದಿಂದ ಇಂಗ್ಲಿಷಿಗೆ ಹೋದ ಕೃತಿಯಾದರಂತೂ ಕೇಳಬೇಡಿ. ಮೂಲ ಓದಲಾರದವರೂ ಧೈರ್ಯವಾಗಿ ಆಡಬಹುದಾದ ಮಾತಲ್ಲವೇ!

ಲ್ಯಾಟಿನ್ನಿನ ಬೆಳಕಿನಿಂದ ಬಂದ ಈ ಪದಕ್ಕೆ ವೈದ್ಯರಲ್ಲಿ ಬೇರೆ ಬಾಳುವೆಯಿದೆ. ತಲೆಗೆ ಪೆಟ್ಟು ಬಿದ್ದವನು ಎಚ್ಚೆತ್ತು ಸರಿಯಾಗಿಯೇ ಮಾತಾಡುತ್ತಾನೆ. ಒಳಗೆ ರಕ್ತ ತುಂಬುತ್ತಿರುತ್ತದೆ. ಅವನು ಮತ್ತೆ ಪ್ರಜ್ಞೆ ತಪ್ಪುವವರೆಗಿನ ಗಳಿಗೆಯೇ ‘ಲೂಸಿಡ್ ಇಂಟರ್ವಲ್’. ವಿಮರ್ಶಕರು ಇದನ್ನು ನೆನಪಿಟ್ಟರೆ ವಾಸಿ.

ಲೂಸಿಡ್‌ಗೆ ಸಾಟಿಯಾದ ನಮ್ಮ ‘ತಿಳಿ’ಯ ಹುಟ್ಟು ಬೆಳಕಿನಲ್ಲಲ್ಲ, ಕೆಸರಿನಲ್ಲಿ. ಕದಡಿದ್ದು ತಳ ಹಿಡಿದ ಮೇಲೆ ಮೇಲುಳಿಯುವುದು ತಿಳಿ. ಸಾರಿನ ತಿಳಿಯ ಕೆಳಗೆ ಬೇಳೆಯ ಗಷ್ಟು ಇದ್ದೇ ಇರುತ್ತದೆ. ಅರಿಯುವುದಕ್ಕೂ ನಮಗೆ ಅದೇ ಮಾತು.

ವಚನಗಳನ್ನು ಇಂಗ್ಲಿಷಿಗೆ ತಂದ ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ (1973) ಲೂಸಿಡ್ ಅನುವಾದದ ಮಾದರಿಯೆನಿಸಿದೆ. ಸಾಲು ಮುರಿಯುವ ಅವರ ಕೈಚಳಕಕ್ಕೆ ಸಾಟಿಯಿಲ್ಲ, ಒಪ್ಪಿದೆ. ಆದರೆ ವಚನಕಾರರು ತಮ್ಮ ದೇವರನ್ನು ಕರೆಯುವ ಅಂಕಿತಗಳನ್ನು ನೋಡಿ. ಚೆನ್ನಮಲ್ಲಿಕಾರ್ಜುನ ಅಲ್ಲಿ ಮಲ್ಲಿಗೆಯಷ್ಟು ಬೆಳ್ಳಗಿನ ಒಡೆಯ. ಕೂಡಲಸಂಗಮದೇವ ಕೂಡುವ ನದಿಗಳ ಒಡೆಯ. ಅರ್ಥ ಫಳಫಳ ಹೊಳೆಯುತ್ತದೆ. ಹೋದದ್ದು ಊರು. ಅಕ್ಕಮಹಾದೇವಿ ಕರೆದದ್ದು ಶ್ರೀಶೈಲದ ದೇವರನ್ನು, ತಾನು ನಡೆದು ಮುಟ್ಟಬೇಕಿದ್ದ ಬೆಟ್ಟದ ದೇವರನ್ನು. ಬಸವಣ್ಣನ ನದಿಗಳು ಬರಿಯ ನದಿಗಳಲ್ಲ, ಕೃಷ್ಣೆ ಮತ್ತು ಮಲಪ್ರಭೆ. ಹೆಸರಿರುವುದು ಕರೆಯುವುದಕ್ಕೆ; ಬಿಡಿಸಿ ಹೇಳಿದರೆ ಅದು ವರ್ಣನೆಯಾಗುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಮಲ್ಲಿಕಾರ್ಜುನನಿಗೆ ಮಲ್ಲಿಗೆಯದೊಂದು, ಅರ್ಜುನನದೊಂದು, ಹೀಗೆ ಎರಡು ಅರ್ಥ ಸಾಧ್ಯವೆಂಬುದು ರಾಮಾನುಜನ್ನರಿಗೆ ಗೊತ್ತಿತ್ತು, ಗದ್ಯದಲ್ಲಿ ಬರೆದೂ ಇದ್ದಾರೆ. ಪದ್ಯಕ್ಕೆ ಮಾತ್ರ ಒಂದನ್ನೇ ಬಸಿದುಕೊಂಡು ಗಷ್ಟನ್ನು ಆಚೆಗಿಟ್ಟರು.

ವಿಮರ್ಶಕಿ ತೇಜಸ್ವಿನಿ ನಿರಂಜನ 1992ರಲ್ಲಿ ರಾಮಾನುಜನ್ನರ ಮೇಲೆ ಬಿದ್ದದ್ದು ವಸಾಹತುಶಾಹಿ, ಕ್ರೈಸ್ತಚಿಂತನೆಗಳ ಆರೋಪದ ದೊಡ್ಡ ದೊಣ್ಣೆ ಹಿಡಿದು. ದೆಹಲಿ ವಿಶ್ವವಿದ್ಯಾಲಯದ ಹರೀಶ್ ತ್ರಿವೇದಿ ಸಹಸಂಪಾದಕರಾಗಿದ್ದ ಅನುವಾದ ಕುರಿತ 1999ರ ಸಂಕಲನದಲ್ಲಿ ವಿನಯ್ ಧಾರವಾಡಕರ್ ಗುರು ರಾಮಾನುಜನ್ನರ ಪರ ವಕಾಲತ್ತು ವಹಿಸಿದಂತೆ ಉತ್ತರ ಕೊಟ್ಟರು. ನನ್ನ ಒಲವು ನಿರಂಜನರ ಕಡೆಗೇ. ಆದರೂ ಅಷ್ಟು ದೊಡ್ಡ ದೊಣ್ಣೆ ಬೇಕಿತ್ತೇ? ಇಂಗ್ಲಿಷ್ ಓದುಗ ಎಲ್ಲೂ ಎಡವಬಾರದೆಂಬ ಅನುವಾದಕನ ಮರ್ಯಾದೆಯೊಂದೇ ಸಾಕು, ಶ್ರೀಶೈಲ ಅಳಿಸಿಹೋಗಲು. ಆ ಮರ್ಯಾದೆಗೆ ಸಿಗುವ ಬಹುಮಾನವೇ ‘ಲೂಸಿಡ್’.

ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ವಚನ ಹಾಡುವವರು ಅಂಕಿತ ಬಂದೊಡನೆ ದನಿ ಎತ್ತುತ್ತಾರೆ. ಮಲ್ಲಿಗೆಯೋ ಅರ್ಜುನನೋ ಎಂದು ಸಭೆಯಲ್ಲಿ ಯಾರೂ ಕೇಳಿದ್ದಿಲ್ಲ.