ನಮ್ಮ ಹುಡುಗ, ಅವರ ಹರಾಜು

ರಾಹುಲ್ ಆರ್‌ಸಿಬಿಗೆ ಬರಲಿಲ್ಲ ಅಂತ ನಮ್ಮ ಕಡೆ ಆದಷ್ಟು ಬೇಜಾರು, ಹೂಮಳೆ ಕೈಕೊಟ್ಟ ವರ್ಷವೂ ಆಗಿರಲಿಕ್ಕಿಲ್ಲ ಮಾರಾಯ್ರೇ. 2024ರ ನವೆಂಬರ್ 24, ಭಾನುವಾರ. ತೋಟಗಳಲ್ಲಿ ಅರೇಬಿಕಾ ಕುಯ್ಲು, ಜೆಡ್ಡಾದಲ್ಲಿ ಐಪಿಎಲ್ ಹರಾಜು. ಆರ್‌ಸಿಬಿ ಸ್ವಲ್ಪ ದೂರ ಕೂಗಿ ಸುಮ್ಮನಾಯ್ತು, ಡೆಲ್ಲಿ 14 ಕೋಟಿಗೆ ಹೊಡ್ಕೊಂಡು ಹೋಯ್ತು. ಕಳಸದಿಂದ ಮೂಡಿಗೆರೆವರೆಗೆ ನನಗೆ ಪರಿಚಯದ ಹುಡುಗರ ವಾಟ್ಸಾಪ್ ಸ್ಟೇಟಸ್ಸಿನಲ್ಲೆಲ್ಲ ಒಂದೇ ಗೋಳು: ಕನ್ನಡದ ಹುಡುಗನಿಗೆ ನಮ್ಮ ಟೀಮಲ್ಲೇ ಜಾಗ ಇಲ್ವಾ?

ಈ ಸಿಟ್ಟನ್ನು ಗೇಲಿ ಮಾಡಲಿಕ್ಕೆ ನನಗೆ ಮನಸ್ಸಿಲ್ಲ. ಅದಕ್ಕೆ ಹಳೇ ಬಾಕಿಯೊಂದಿದೆ. 2016ರಲ್ಲಿ ತಂಡ ಫೈನಲ್‌ವರೆಗೆ ಹೋದಾಗ ರಾಹುಲ್ 397 ರನ್ ಹೊಡೆದಿದ್ದ. 2018ರ ಹರಾಜಿಗೆ ಮುಂಚೆ ಕೊಹ್ಲಿ, ಡಿವಿಲಿಯರ್ಸ್ ಜೊತೆ ಉಳಿಸಿಕೊಂಡದ್ದು ಸರ್ಫರಾಜ್ ಖಾನ್‌ನನ್ನು. ರಾಹುಲ್ 11 ಕೋಟಿಗೆ ಪಂಜಾಬಿಗೆ ಹೋದ. ಆರು ವರ್ಷ ಕಾದವರಿಗೆ ಎರಡನೇ ಸಲವೂ ಅದೇ ಆದರೆ ಹೊಟ್ಟೆ ಉರಿಯದೆ ಇರುತ್ತಾ?

ಆದರೆ ಈ ಸಿಟ್ಟಿನಲ್ಲಿ ಎರಡು ಮಾತು ಕಲಸಿಹೋಗಿವೆ. ಒಂದು ಆಟದ ಲೆಕ್ಕ. ಸಾಲ್ಟ್‌ಗೆ ಹನ್ನೊಂದೂವರೆ ಕೋಟಿ, ಜಿತೇಶ್ ಶರ್ಮಾಗೆ 11 ಕೋಟಿ ಕೊಟ್ಟಾಗ 'ಜಿತೇಶ್ ಯಾವ ಸೀಮೆ ಕೀಪರ್ರೋ' ಅಂದವರೇ, ಮೇ 27ರಂದು ಲಖನೌದಲ್ಲಿ ಅವನು 33 ಎಸೆತಕ್ಕೆ 85 ಚಚ್ಚಿದ ಮೇಲೆ ಮಾತು ಬದಲಿಸಿದರು. ಜೂನ್ 3ಕ್ಕೆ ಕಪ್ಪೂ ಬಂತು. ಆ ಲೆಕ್ಕ ಅಲ್ಲಿಗೆ ಚುಕ್ತಾ.

ಇನ್ನೊಂದು ಮಾತಿಗೆ ಕಪ್ಪು ಉತ್ತರ ಅಲ್ಲ: ಈ ಟೀಮು ಯಾರದ್ದು? 2024ರ ಮಾರ್ಚಿನಲ್ಲಿ ಹೆಸರಿನ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಬಂತು, ನಾವು ಕುಣಿದೆವು. ಹರಾಜಿನ ಮೇಜಿಗೆ ಕೂತದ್ದು ಮಾತ್ರ ಹೆಂಡದ ಕಂಪನಿಯೊಂದರ ದುಡ್ಡು. ಅದಕ್ಕೆ ಬೇಕಿದ್ದದ್ದು ಓಪನರ್, ಕೀಪರ್, ಬೌಲರ್. ಊರು ಕೇರಿ ಅಲ್ಲ. ಕಾಫಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಪೂಲಿಂಗ್ ಕಾಲದಲ್ಲಿ ನಮ್ಮ ಅಜ್ಜಂದಿರ ಕಾಫಿ ಬೋರ್ಡಿಗೆ ಸೇರಿದ ಮೇಲೆ ಎಲ್ಲರದ್ದರ ಜೊತೆ ಹರಾಜಾಗುತ್ತಿತ್ತು. ಗ್ರೇಡ್ ಕೇಳೋರು ಇದ್ದರು, ಯಾವ ತೋಟದ್ದು ಅಂತ ಕೇಳೋರು ಇರಲಿಲ್ಲ.

'ನಮ್ಮ ಹುಡುಗ' ಅನ್ನಲಿಕ್ಕೆ ಒಂದು ಜಾಗ ಇದ್ದೇ ಇದೆ, ಕರ್ನಾಟಕ ರಣಜಿ ತಂಡ. 2025ರ ಜನವರಿ 30ರಂದು ಇದೇ ರಾಹುಲ್, ಸುಮಾರು ಐದು ವರ್ಷದ ಮೇಲೆ, ಹರಿಯಾಣದ ಎದುರು ಕರ್ನಾಟಕದ ಪರ ರಣಜಿ ಆಡಲು ಇಳಿದ. ಅದೂ ಚಿನ್ನಸ್ವಾಮಿಯಲ್ಲೇ! ಅವತ್ತೇ ಡೆಲ್ಲಿಯಲ್ಲಿ ಕೊಹ್ಲಿ ರಣಜಿಗೆ ಮರಳಿದ್ದ. ರೊಬಸ್ಟಾ ಕುಯ್ಲಿನ ಮಧ್ಯೆ ನಮ್ಮ ಹುಡುಗರ ಫೋನಿನಲ್ಲಿ ಓಡುತ್ತಿದ್ದದ್ದು ಡೆಲ್ಲಿಯ ಮ್ಯಾಚು. ರಾಹುಲ್ ನೆನಪಾದದ್ದು ಏಪ್ರಿಲ್ 10ಕ್ಕೆ. ಡೆಲ್ಲಿಯ ಜೆರ್ಸಿ ತೊಟ್ಟು ಅದೇ ಮೈದಾನದಲ್ಲಿ ಆರ್‌ಸಿಬಿ ಎದುರು ಔಟಾಗದೆ 93 ಹೊಡೆದು, 'ಕಾಂತಾರ'ದ ಥರ ಬ್ಯಾಟಿನಲ್ಲಿ ಸುತ್ತು ಗೆರೆ ಎಳೆದು ನೆಲಕ್ಕೆ ಊರಿದಾಗ. ಸೋತ ರಾತ್ರಿಯೂ ಆ ವಿಡಿಯೋ ಹಂಚಿದವರು ಆರ್‌ಸಿಬಿ ಹುಡುಗರೇ. ನನಗೂ ರೋಮಾಂಚನ ಆಯ್ತು, ಸುಳ್ಳು ಹೇಳಲ್ಲ.

ಜಾಗ ಕೊಡಲಿಲ್ಲ ಅನ್ನುವ ದುಃಖ ನಿಜವಾದರೆ ಇಷ್ಟು ದೂರ ಹೋಗಬೇಕಿರಲಿಲ್ಲ. ಕಡೂರು ನಮ್ಮ ಜಿಲ್ಲೆಯೇ. ಅಲ್ಲಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ಎದುರು 45 ಎಸೆತಕ್ಕೆ 70 ಬಾರಿಸಿದವಳು. 2023ರ ಫೆಬ್ರವರಿಯಲ್ಲಿ ಹೆಂಗಸರ ಲೀಗಿನ ಮೊದಲ ಹರಾಜಿನಲ್ಲಿ ಆರ್‌ಸಿಬಿ ಅವಳನ್ನು ಕೊಳ್ಳಲಿಲ್ಲ. ಮುಂದಿನ ಹರಾಜಿನಲ್ಲಿ ಗುಜರಾತ್ 30 ಲಕ್ಷಕ್ಕೆ ಕರ್ಕೊಂಡು ಹೋಯ್ತು. ಆಗ ಒಂದೇ ಒಂದು ಸ್ಟೇಟಸ್ಸು ನನ್ನ ಕಣ್ಣಿಗೆ ಬೀಳಲಿಲ್ಲ.