ಗುಡುಗುಡಿಯೂ ಗಿಟಾರೂ

ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಹೊರಬಂದದ್ದು 2008ರಲ್ಲಿ. ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದು ಈಚೆಗೆ, ಗೋಕಾಕದಿಂದ ಮೂಡಲಗಿಗೆ ಹೋಗುವಾಗ, ಗೆಳೆಯನ ಕಾರಿನಲ್ಲಿ. ಬಿಡಿ ಹಾಡುಗಳು ಕಿವಿಗೆ ಬಿದ್ದಿದ್ದವು, ಯಾರ ಕಿವಿಗೆ ಬಿದ್ದಿಲ್ಲ? ಆದರೆ ಒಬ್ಬ ಹಾಡುಗಾರ ಮೊದಲ ಸಲ ತನ್ನ ಹೆಸರನ್ನೇ ತಲೆಬರಹ ಮಾಡಿಕೊಂಡು ಒಂದು ಕಟ್ಟು ಹಾಡುಗಳನ್ನು ಮುಂದಿಟ್ಟಾಗ, ಅದನ್ನು ಬಿಡಿಬಿಡಿಯಾಗಿ ಕೇಳಿ ತೀರ್ಪು ಕೊಡುವುದು ಸರಿಯಲ್ಲ. ಹದಿನಾರು ಹದಿನೇಳು ವರ್ಷ ನಾನು ಮಾಡಿದ್ದು ಅದನ್ನೇ.

ಹಿಂದಿನ ಸೀಟಿನಲ್ಲಿ ಗೆಳೆಯನ ಕಾಕಾ ಕೂತಿದ್ದರು. ಊರಿನ ಭಜನಾ ಮೇಳದಲ್ಲಿ ನಲವತ್ತು ವರ್ಷದಿಂದ ಹಾಡುತ್ತಿರುವವರು. ಹಿಂದಿ ಹಾಡುಗಳು ಬಂದು ಹೋದಾಗ ಅವರು ಕಿಟಕಿಯಾಚೆ ಕಬ್ಬಿನ ಹೊಲ ನೋಡುತ್ತಿದ್ದರು. ‘ಗುಡುಗುಡಿಯಾ ಸೇದಿ ನೋಡೋ’ ಶುರುವಾದದ್ದೇ ಮುಂದಕ್ಕೆ ಬಾಗಿದರು. ಮುಗಿಯುವವರೆಗೂ ಮಾತಿಲ್ಲ. ಆಮೇಲೆ, “ದನಿ ಭಾರಿ ಐತಿ. ಖರೆ, ಷರೀಫಜ್ಜನ ಪದಾ ಹಾಡವನಿಗೆ ಇಷ್ಟ ಗಡಿಬಿಡಿ ಇರಬಾರದ್ರಿ” ಅಂದರು.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಕಾಕಾ ಹೇಳಿದ್ದು ಲಯದ ವಿಷಯವಷ್ಟೇ ಅಲ್ಲ. ಭಜನೆಯಲ್ಲಿ ಮುಂದಿನವರು ಒಂದು ಸಾಲು ಹಾಡುತ್ತಾರೆ, ಹಿಮ್ಮೇಳ ಅದನ್ನೇ ತಿರುಗಿ ಹಿಡಿಯುತ್ತದೆ. ಆ ತಿರುಗಿ ಹಿಡಿಯುವ ಹೊತ್ತಿನಲ್ಲಿ ಕೇಳುವವನಿಗೆ ಗುಡುಗುಡಿ ಅಂದರೆ ಬರೀ ಹುಕ್ಕಾ ಅಲ್ಲ, ತನ್ನದೇ ದೇಹ ಎಂದು ಹೊಳೆಯಬೇಕು. ಒಗಟು ಬಿಚ್ಚಿಕೊಳ್ಳುವುದಕ್ಕೆ ಬಿಡುವು ಬೇಕು. ರಘು ಅವರ ಗಿಟಾರು ಆ ಬಿಡುವು ಕೊಡುವುದಿಲ್ಲ. ನುಡಿಯ ಬೆನ್ನಿಗೆ ನುಡಿ ಏರಿ ಬರುತ್ತದೆ.

ಆದರೂ ನಾನು ಕಾಕಾನ ಮಾತನ್ನು ಪೂರ್ತಿ ಒಪ್ಪಲಾರೆ. ಷರೀಫರ ಆ ಪದದಲ್ಲಿ ಒಗಟು ಎಷ್ಟಿದೆಯೋ ಕರೆಯುವಿಕೆಯೂ ಅಷ್ಟೇ ಇದೆ: ಬಾ, ಕೂಡು, ಒಂದು ದಮ್ಮು ಎಳೆದು ನೋಡು ಎನ್ನುವ ಸಲಿಗೆ. ಸಿ. ಅಶ್ವತ್ಥ್ ಷರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದರು, 1990ರಲ್ಲಿ ನಾಗಾಭರಣರ ಸಿನಿಮಾ ಬಂದ ಮೇಲಂತೂ ನಮಗೆ ಷರೀಫರೆಂದರೆ ಅಶ್ವತ್ಥರ ಕಂಠವೇ. ಆ ಕಂಠದಲ್ಲಿ ದೊಡ್ಡವರೊಬ್ಬರು ಬುದ್ಧಿ ಹೇಳುವ ಗತ್ತಿದೆ. ರಘು ಅವರಲ್ಲಿ ಗತ್ತಿಲ್ಲ, ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈಹಾಕುವ ಗೆಳೆಯನಿದ್ದಾನೆ. ಒಗಟು ತೆಳುವಾಯಿತು, ಸಲಿಗೆ ಗಟ್ಟಿಯಾಯಿತು. ಈ ವ್ಯಾಪಾರದಲ್ಲಿ ನಷ್ಟಕ್ಕಿಂತ ಲಾಭ ಹೆಚ್ಚು ಎಂದೇ ನನಗೆ ಅನಿಸುತ್ತದೆ.

ಉಳಿದ ಹಾಡುಗಳು? ‘ಹೇ ಭಗವಾನ್’ ಇನ್ನೊಮ್ಮೆ ಬದುಕು ಕೊಡು ಎಂದು ಬೇಡುವ ಹಾಡು. ಆ ಬೇಡಿಕೆಯಲ್ಲಿ ನಟನೆ ಇಲ್ಲ. ‘ಮೈಸೂರ್ ಸೇ ಆಯೀ’ ಚೆಲುವಾಗಿದೆ. ಮೈಸೂರಿನಲ್ಲಿ ಬೆಳೆದವನು ಮೈಸೂರಿನ ಹುಡುಗಿಯನ್ನು ಹಿಂದಿಯಲ್ಲಿ ಹಾಡಿದ್ದಾನಲ್ಲ ಎಂದು ನಗು ಬಂದರೂ ಚೆಲುವಿಗೆ ಕುಂದಿಲ್ಲ. ಇಂಗ್ಲಿಷಿನ ಪ್ರೇಮಗೀತೆಯನ್ನು ಯಾವ ಊರಿನ ಯಾರು ಬೇಕಾದರೂ ಹಾಡಬಹುದಿತ್ತು. ಮುಂಬೈಯಲ್ಲಿ ಪವಾಡಕ್ಕೆ ಕಾಯುತ್ತಿರುವವನ ಹಾಡು ಹಾಗಲ್ಲ, ಅದರಲ್ಲಿ ಕಾದವನ ದಣಿವಿದೆ. ವಿಶಾಲ್–ಶೇಖರ್ ಜೋಡಿ ತಮ್ಮ ಕಂಪನಿಯಿಂದ ಈ ಆಲ್ಬಂ ತಂದಾಗ ರಘು ಅವರಿಗೆ 33 ದಾಟಿತ್ತು. ಮೊದಲ ಆಲ್ಬಮ್ಮಿಗೆ ಅದು ಎಳೆಯ ವಯಸ್ಸೇನಲ್ಲ.

ಹೀಗೆ ತೂಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ತನ್ನ ಹೆಸರಿನ ಆಲ್ಬಮ್ಮಿನಲ್ಲಿ ಈತ ಅತ್ಯಂತ ತಾನಾಗಿ ಕೇಳಿಸುವುದು ತಾನು ಬರೆಯದ ಪದದಲ್ಲಿ. ಹಾಗಾದರೆ ಆ ಪದ ಯಾರದು?

ನಾವು ಹೊರಟಿದ್ದ ಸೀಮೆಗೆ ಇದು ಹಳೆಯ ಪ್ರಶ್ನೆ. ಮೂಡಲಗಿ ಕಡೆಯ ಕುಲಗೋಡದ ತಮ್ಮಣ್ಣ ‘ಶ್ರೀಕೃಷ್ಣ ಪಾರಿಜಾತ’ದ ಆಟ ಕಟ್ಟಿದವನು. ಆದರೆ ಮೂಲ ಕೃತಿ ಅಪರಾಳ ತಮ್ಮಣ್ಣನದು. ಬರೆದವನೊಬ್ಬ ತಮ್ಮಣ್ಣ, ಕುಣಿಸಿದವನೊಬ್ಬ ತಮ್ಮಣ್ಣ. ಕೌಜಲಗಿ ನಿಂಗಮ್ಮ ಅದೇ ಆಟ ಆಡಿದಾಗ ಜನ ಇಬ್ಬರನ್ನೂ ಮರೆತು ನಿಂಗಮ್ಮನ ಪಾರಿಜಾತ ನೋಡಲು ಹೋದರು. ಗೋಕಾಕ ತಾಲ್ಲೂಕಿನ ಬೆಟಗೇರಿಯ ಆನಂದಕಂದರು ಹಾಡು ಬರೆದರು, ಮುರಗೋಡದಲ್ಲಿ ಹುಟ್ಟಿದ ಹುಕ್ಕೇರಿ ಬಾಳಪ್ಪನವರು ಅವನ್ನು ಊರೂರಿಗೆ ಹೊತ್ತರು. ಬರೆಯುವವರು ಬೇರೆ, ಹಾಡುವವರು ಬೇರೆ, ಹಾಡು ಇಬ್ಬರದೂ. ಈ ದೃಷ್ಟಿಯಿಂದ ನೋಡಿದರೆ ಗಿಟಾರು ಹಿಡಿದ ರಘು ದೀಕ್ಷಿತ್ ಹೊಸಬರೇ ಅಲ್ಲ, ಬಾಳಪ್ಪನವರ ಓಣಿಯವರು.

ಹೊಸದು ನಡೆಯುತ್ತಿರುವುದು ಬೇರೆ ಕಡೆ. ಇವತ್ತು ಹುಕ್ಕೇರಿ, ರಾಯಬಾಗ, ಗೋಕಾಕದ ಹುಡುಗರು ತಾವೇ ಬರೆದು ತಾವೇ ಹಾಡಿ ಯೂಟ್ಯೂಬಿಗೆ ಹಾಕುತ್ತಾರೆ. ಕೊನೆಯ ನುಡಿಯಲ್ಲಿ ಊರಿನ ಹೆಸರು, ಬರೆದವನ ಹೆಸರು ಬಂದೇ ಬರುತ್ತದೆ. ಷರೀಫರು ಶಿಶುನಾಳಧೀಶನನ್ನು ನೆನೆದ ಜಾಗದಲ್ಲಿ ಇವರು ತಮ್ಮ ಊರನ್ನು ಕೂರಿಸಿದ್ದಾರೆ. ಮಾಳು ನಿಪನಾಳ ಅವರ ‘ನಾ ಡ್ರೈವರ್’ ಹೋದ ವರ್ಷಗಳಲ್ಲಿ ಬೆಂಗಳೂರಿನ ಮದುವೆಮನೆಗಳನ್ನೂ ಹೊಕ್ಕಿತು. ಆ ಹಾಡಿನ ಹುರುಪನ್ನು ಮೂಗು ಮುರಿದು ತಳ್ಳಿಹಾಕುವವರ ಜೊತೆ ನಾನಿಲ್ಲ. ನನ್ನ ತಕರಾರು ಇಷ್ಟೇ: ಇವರೆಲ್ಲ ಒಂದೊಂದೇ ಹಾಡು ಎಸೆಯುತ್ತಾರೆ, ಮುಂದಿನ ವಾರಕ್ಕೆ ಅದು ಹಳತಾಗುತ್ತದೆ. ಎಂಟು ಹಾಡು ಒಟ್ಟಿಗಿಟ್ಟರೆ ಲವರ್ ಬಿಟ್ಟು ಹೋದ ಹಾಡಿನ ಪಕ್ಕದಲ್ಲಿ ಅವ್ವನದೊಂದು, ಸಾಲದ್ದೊಂದು, ಘಟಪ್ರಭೆ ಮನೆಯೊಳಗೆ ನುಗ್ಗಿದ್ದೊಂದು ಬರಲೇಬೇಕಾಗುತ್ತದೆ. ಒಂದೇ ಧಾಟಿಯಲ್ಲಿ ಎಂಟು ಹಾಡಿದರೆ ಯಾರೂ ಕೇಳುವುದಿಲ್ಲ. ರಘು ಅವರ ಆಲ್ಬಂ ಏರುಪೇರಾಗಿದ್ದರೂ ಒಬ್ಬ ಇಡೀ ಮನುಷ್ಯ ಅದರಲ್ಲಿ ಸಿಗುತ್ತಾನೆ. ಬೇಡುವವನು, ಕಾಯುವವನು, ಹುಡುಗಿಯ ಹಿಂದೆ ಹೋಗುವವನು, ಷರೀಫರ ಹತ್ತಿರ ಕೂರುವವನು.

ಮೂಡಲಗಿ ಬಂತು. ಕಾಕಾ ಇಳಿಯುವ ಮುಂಚೆ ಚಪ್ಪಲಿ ಹುಡುಕುತ್ತಾ ಕೇಳಿದರು: “ಷರೀಫಜ್ಜಂದು ಕೇಳಿದ್ವಿ. ಈಗ ಅವಂದ ಸ್ವಂತ ಪದಾ ಒಂದ ಹಚ್ಚು ತಮ್ಮಾ, ಕನ್ನಡದ್ದು.”

ಗೆಳೆಯ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದ. ಆ ಆಲ್ಬಮ್ಮಿನಲ್ಲಿ ಅಂಥದ್ದೊಂದೂ ಇರಲಿಲ್ಲ.